ಬಂದರಿನಿಂದ ಬಂದರಿಗೆ: ಬಾಲ್ಟಿಕ್ ಸಮುದ್ರದಲ್ಲಿ ನಾವಿಬ್ಬರು

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ದಡದ ಊರುಗಳನ್ನು ನೋಡುವ ಆಸೆ ಇದ್ದರೆ, ಸಾಧ್ಯವಾದರೆ ಹಡಗಿನಲ್ಲೇ ಹೋಗಿ. ವಿಮಾನದಲ್ಲಿ ಹೋದರೆ ಊರಾಚೆ ಎಲ್ಲೋ ಇಳಿದು, ಹಿತ್ತಲ ಬಾಗಿಲಿನಿಂದ ಒಳಗೆ ಬರಬೇಕಾಗುತ್ತದೆ. ಈ ಊರುಗಳು ಬೆಳೆದಿದ್ದೇ ಸಮುದ್ರಕ್ಕೆ ಮುಖ ಮಾಡಿಕೊಂಡು. 13ನೇ ಶತಮಾನದಿಂದ ಕೆಲವು ನೂರು ವರ್ಷ ಹಾನ್ಸಾ ಅನ್ನುವ ವರ್ತಕರ ಕೂಟ ಇಲ್ಲಿನ ವ್ಯಾಪಾರ ನಡೆಸಿತು. ಉಪ್ಪು, ಮೀನು, ತುಪ್ಪಳ, ಜೇನುಮೇಣ, ಧಾನ್ಯ ಎಲ್ಲವೂ ಹಡಗಿನಲ್ಲೇ ಬಂದು ಹಡಗಿನಲ್ಲೇ ಹೋಗುತ್ತಿದ್ದವು. ಬರುವ ನಾವಿಕರಿಗೆ ದೂರದಿಂದಲೇ ಕಾಣಲಿ ಅಂತ ಚರ್ಚಿನ ಗೋಪುರಗಳು ಎತ್ತರಕ್ಕೆ ನಿಂತಿವೆ. ಗೋದಾಮು, ಸಂತೆ, ಪುರಭವನ ಎಲ್ಲ ಧಕ್ಕೆಯಿಂದ ನಡೆದು ಹೋಗುವಷ್ಟು ಹತ್ತಿರ.

ನಾವು ತುಮಕೂರಿನವರು. ನಾನು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ನಮ್ಮ ಯಜಮಾನರು ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇಬ್ಬರೂ ನಿವೃತ್ತರಾದ ಮೇಲೆ ದೂರದ ಒಂದು ಪ್ರವಾಸ ಮಾಡಬೇಕು ಅಂತ ಬಹಳ ದಿನದಿಂದ ಮಾತಾಡಿಕೊಂಡಿದ್ದೆವು. ಇವರಿಗೆ ಮಂಡಿನೋವು. ದಿನಾ ಪೆಟ್ಟಿಗೆ ಎಳೆದುಕೊಂಡು ಊರೂರು ಬದಲಾಯಿಸುವುದು ಆಗದ ಮಾತು. ಹಡಗಾದರೆ ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಆಯಿತು. ನಾವು ಮಲಗಿದ್ದಾಗ ಊರೇ ಬದಲಾಗಿರುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹತ್ತಿ, ಜರ್ಮನಿಯ ವಾರ್ನೆಮುಂಡೆ, ಎಸ್ಟೋನಿಯಾದ ಟಾಲಿನ್, ಫಿನ್ಲೆಂಡಿನ ಹೆಲ್ಸಿಂಕಿ, ಸ್ವೀಡನ್ನಿನ ಸ್ಟಾಕ್‌ಹೋಮ್ ನೋಡಿ ಮತ್ತೆ ಕೋಪನ್‌ಹೇಗನ್‌ಗೇ ವಾಪಸ್ಸಾಗುವ ದಾರಿ ನಮ್ಮದು. ಮೊದಲೆಲ್ಲ ಈ ದಾರಿಯ ದೊಡ್ಡ ಆಕರ್ಷಣೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು. ಉಕ್ರೇನ್ ಯುದ್ಧ ಶುರುವಾದ 2022ರಿಂದ ದೊಡ್ಡ ಕಂಪನಿಗಳ ಹಡಗುಗಳು ಅಲ್ಲಿಗೆ ಹೋಗುವುದನ್ನು ಬಿಟ್ಟಿವೆ. ಈಗ ಹೋಗುವ ಊರುಗಳೆಲ್ಲ ಷೆಂಗೆನ್ ವಲಯದವೇ. ಹಾಗಾಗಿ ಒಂದು ವೀಸಾ ಸಾಕು.

ಆ ವೀಸಾದ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ಹಡಗು ಹತ್ತುವ ಮೊದಲು ಕೋಪನ್‌ಹೇಗನ್‌ನಲ್ಲಿ ಉಳಿಯುವವರಿದ್ದೆವು, ಅದಕ್ಕೆ ಡೆನ್ಮಾರ್ಕಿಗೆ ಹಾಕಿದೆವು. ಬೆಂಗಳೂರಿನ ವೀಸಾ ಕೇಂದ್ರಕ್ಕೆ ಇಬ್ಬರೂ ಹೋಗಿ ಬೆರಳಚ್ಚು ಕೊಟ್ಟೆವು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹಡಗಿನ ಬುಕಿಂಗ್ ಪತ್ರದಲ್ಲಿ ಯಾವ ದಿನ ಯಾವ ಬಂದರು ಅಂತ ಪಟ್ಟಿ ಇರುತ್ತದೆ, ಅದನ್ನು ಪೂರ್ತಿ ಲಗತ್ತಿಸಿದೆವು. ಪಿಂಚಣಿ ಬರುವ ಬ್ಯಾಂಕ್ ಖಾತೆಯ ವಿವರ, ಮನೆ ಪತ್ರದ ನಕಲು ಎಲ್ಲ ಸೇರಿಸಿ ಕಡತ ದಪ್ಪಗೇ ಆಯಿತು. ಬಹು ಪ್ರವೇಶದ ವೀಸಾ ಬೇಕು ಅಂತ ಅರ್ಜಿಯಲ್ಲೇ ಕೇಳಿದೆವು. ದಾರಿ ಬದಲಾಗಿ ಹಡಗು ಷೆಂಗೆನ್ ಆಚೆಯ ಬಂದರಿಗೆ ಹೋದರೆ ಮತ್ತೆ ಒಳಗೆ ಬರಲು ಅದು ಬೇಕಾಗುತ್ತದೆ.

ಕ್ಯಾಬಿನ್ ಆರಿಸುವಾಗ ಕಿಟಕಿ ಇರುವುದನ್ನೇ ತೆಗೆದುಕೊಂಡೆವು. ಒಳಗಿನ ಕ್ಯಾಬಿನ್ ಅಗ್ಗ. ಆದರೆ ಬೆಳಗ್ಗೆ ಎದ್ದ ಕೂಡಲೇ ಯಾವ ಊರು ಬರುತ್ತಿದೆ ಅಂತ ನೋಡುವ ಸುಖಕ್ಕೆ ಆ ಹಣ ಕೊಡಬಹುದು. ಬಾಲ್ಕನಿಗೆ ಕೊಡಬೇಕಿಲ್ಲ, ಆ ಕಡೆಯ ಗಾಳಿ ಜುಲೈನಲ್ಲೂ ಚಳಿ ಹುಟ್ಟಿಸುತ್ತದೆ. ಇನ್ನೊಂದು, ಟಿಕೆಟ್ಟಿನ ಬೆಲೆಯೇ ಪೂರ್ತಿ ಖರ್ಚಲ್ಲ. ಸಿಬ್ಬಂದಿಗೆ ಅಂತ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಬಿಲ್ಲಿಗೆ ಸೇರುತ್ತದೆ. ವೈಫೈ ಬೇರೆ, ಪಾನೀಯಗಳು ಬೇರೆ. ನಾವು ಊಟದ ಜೊತೆ ಬರುವ ನೀರು, ಕಾಫಿಯಲ್ಲೇ ಕಳೆದೆವು. ಫೋನಿಗೆ ಯುರೋಪಿನ ಸಿಮ್ ಹಾಕಿಸಿದ್ದೆವು, ಐದೂ ದೇಶಗಳಲ್ಲಿ ಅದೇ ನಡೆಯಿತು. ಆದರೆ ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಬೇಕು. ಹಡಗಿನದು ಉಪಗ್ರಹದ ನೆಟ್‌ವರ್ಕ್. ಸುಮ್ನೆ ಒಂದು ಕರೆ ಬಂದರೂ ದುಬಾರಿ.

ಕೋಪನ್‌ಹೇಗನ್‌ನಲ್ಲಿ ಎಲ್ಲರೂ ನೋಡುವ ಮತ್ಸ್ಯಕನ್ಯೆಯ ಮೂರ್ತಿಯನ್ನು ನಾವೂ ನೋಡಿದೆವು. 1913ರದು, ಎತ್ತರ ಒಂದೂಕಾಲು ಮೀಟರ್. ಅದರ ಸುತ್ತ ಬರೀ ಫೋನುಗಳು. ನನಗೆ ಮನಸ್ಸು ತುಂಬಿದ್ದು ನ್ಯೂಹಾವ್ನ್. 17ನೇ ಶತಮಾನದಲ್ಲಿ ಹಡಗುಗಳು ಊರೊಳಗೇ ಬರಲಿ ಅಂತ ತೋಡಿದ ಕಾಲುವೆ ಅದು. ಎರಡೂ ಬದಿಗೆ ಹಳದಿ, ಕೆಂಪು, ನೀಲಿ ಮನೆಗಳು. ಎಲ್ಲಕ್ಕಿಂತ ಹಳೆಯದು ಒಂಬತ್ತನೇ ನಂಬರಿನ ಮನೆ, 1681ರದು. ಅಲ್ಲಿಂದ ಮುಂದೆ ನಡೆದರೆ ಹಳೆಯ ಷೇರುಪೇಟೆಯ ಕಟ್ಟಡ. ನಾಲ್ಕು ಡ್ರ್ಯಾಗನ್‌ಗಳ ಬಾಲ ಹೆಣೆದುಕೊಂಡ ಅದರ ಗೋಪುರ 2024ರ ಏಪ್ರಿಲ್‌ನ ಬೆಂಕಿಯಲ್ಲಿ ಕುಸಿದು ಬಿತ್ತು. ಸುತ್ತ ಅಟ್ಟಣೆ ಕಟ್ಟಿ ಮತ್ತೆ ಕಟ್ಟುತ್ತಿದ್ದಾರೆ. ಇಷ್ಟು ದೊಡ್ಡ ಬಂದರಿನ ನೀರಿನಲ್ಲೇ ಸಂಜೆ ಹೊತ್ತು ಜನ ಈಜುತ್ತಾರೆ. ಒಂದು ಕಾಲಕ್ಕೆ ಕಾರ್ಖಾನೆಗಳ ಕೊಳೆ, ಚರಂಡಿ ಎಲ್ಲ ಸೇರುತ್ತಿದ್ದ ನೀರು ಅದು. ಚರಂಡಿ ವ್ಯವಸ್ಥೆ ಸರಿಪಡಿಸಿ ತಿಳಿಯಾಗಿಸಿದ್ದಾರೆ. ನಮ್ಮ ಕೆರೆಗಳನ್ನು ನೆನೆದು ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

ಹಡಗು ಹತ್ತುವುದು ಹೆಚ್ಚುಕಡಿಮೆ ವಿಮಾನ ಹತ್ತಿದ ಹಾಗೇ. ಪೆಟ್ಟಿಗೆಗೆ ಕ್ಯಾಬಿನ್ ನಂಬರಿನ ಚೀಟಿ ಅಂಟಿಸಿ ಕೊಟ್ಟರೆ ಸಂಜೆಗೆ ಬಾಗಿಲ ಮುಂದೆ ಬಂದಿರುತ್ತದೆ. ಕೈಗೊಂದು ಕಾರ್ಡು ಕೊಡುತ್ತಾರೆ. ಬಾಗಿಲ ಕೀಲಿ, ಗುರುತಿನ ಚೀಟಿ, ಹಣದ ಚೀಲ ಎಲ್ಲ ಅದೇ. ಹಡಗು ಹೊರಡುವ ಮುಂಚೆ ಸುರಕ್ಷತೆಯ ಅಭ್ಯಾಸಕ್ಕೆ ಎಲ್ಲರೂ ಹೋಗಲೇಬೇಕು. ನಿಮ್ಮ ಜೀವರಕ್ಷಕ ದೋಣಿಯ ಜಾಗ ಎಲ್ಲಿ, ಸೈರನ್ ಹೇಗೆ ಕೂಗುತ್ತದೆ ಅಂತ ತಿಳಿಸುತ್ತಾರೆ. ಇವರು ಆಮೇಲೂ ಒಮ್ಮೆ ಮೆಟ್ಟಿಲಿಳಿದು ಹೋಗಿ ದಾರಿ ಗಟ್ಟಿಮಾಡಿಕೊಂಡು ಬಂದರು.

ನಾವಿಬ್ಬರೂ ಸಸ್ಯಾಹಾರಿಗಳು. ಬುಕ್ ಮಾಡುವಾಗಲೇ ಬರೆದು ತಿಳಿಸಿದ್ದೆವು. ದಿನಾ ರಾತ್ರಿ ಊಟದ ಮೇಜಿನ ಮೇಲ್ವಿಚಾರಕರು ಬಂದು ನಾಳೆಗೆ ಏನು ಬೇಕು ಅಂತ ಕೇಳುತ್ತಿದ್ದರು. ಬೇಳೆ, ಅನ್ನ, ಚಪಾತಿ, ಒಂದು ಪಲ್ಯ ಮಾಡಿಸಿಕೊಡುತ್ತಿದ್ದರು. ಬೆಳಗಿನ ತಿಂಡಿಗೆ ಮಾತ್ರ ಬ್ರೆಡ್ಡು, ಹಣ್ಣು, ಮೊಸರೇ ಗತಿ. ಮನೆಯಿಂದ ತಂದಿದ್ದ ಚಟ್ನಿಪುಡಿ ಬ್ರೆಡ್ಡಿಗೂ ಚೆನ್ನಾಗಿಯೇ ಇತ್ತು.

ಊಟದ ಮನೆಯಲ್ಲಿ ನಾವು ಮಾತಾಡುವುದನ್ನು ಕೇಳಿಸಿಕೊಂಡ ಒಬ್ಬ ಹುಡುಗ ಹತ್ತಿರ ಬಂದು, "ನೀವು ಕನ್ನಡದವರಾ ಅಮ್ಮಾ?" ಅಂದ. ಕುಂದಾಪುರದ ಕಡೆಯವನು. ಒಂಬತ್ತು ತಿಂಗಳ ಒಪ್ಪಂದದ ಮೇಲೆ ಬಂದಿದ್ದ. ತಂಗಿಯ ಮದುವೆಗೆ ಅಂತ ದುಡಿಯುತ್ತಿದ್ದ. "ಟಾಲಿನ್‌ಗೆ ಬಂದು ಹೋಗಿದ್ದು ಲೆಕ್ಕವೇ ಇಲ್ಲ. ಕೋಟೆಯೊಳಗೆ ಒಂದು ಸಲವೂ ಹೋಗಿಲ್ಲ" ಅಂದ. ಮಧ್ಯಾಹ್ನದ ಬಡಿಸುವ ಕೆಲಸಕ್ಕೂ ರಾತ್ರಿಯದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಧಕ್ಕೆಗೆ ಇಳಿದು ಮನೆಗೆ ವಿಡಿಯೊ ಕಾಲ್ ಮಾಡಿ ಬರುತ್ತಾನೆ, ಅಷ್ಟೇ. ಮರುದಿನದಿಂದ ನಮ್ಮ ಮೇಜಿಗೆ ಕೇಳದೆಯೇ ನಿಂಬೆಹಣ್ಣು, ಹಸಿಮೆಣಸಿನಕಾಯಿ ಬರತೊಡಗಿತು. ಇಂಥ ಹಡಗುಗಳಲ್ಲಿ ಮಂಗಳೂರು, ಉಡುಪಿ, ಗೋವಾದ ಹುಡುಗರು ತುಂಬ ಜನ ಇದ್ದಾರೆ. ಹೋಗುವವರು ಅವರೊಡನೆ ಎರಡು ಮಾತು ಆಡಿ, ಕೊನೆಗೆ ಅವರ ಹೆಸರು ಬರೆದು ಮೆಚ್ಚುಗೆಯ ಚೀಟಿ ಹಾಕಿ. ಮುಂದಿನ ಒಪ್ಪಂದಕ್ಕೆ ಅದು ನೆರವಾಗುತ್ತದೆ ಅಂತ ಅವನೇ ಹೇಳಿದ.

ಬಂದರುಗಳಲ್ಲಿ ನಾವು ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಪ್ರತಿ ಊರಿನಲ್ಲೂ ಒಂದು ಮುಖ್ಯ ಆಸೆ. ಒಂದು ಊರಿನಲ್ಲಿ ಇವರದು, ಇನ್ನೊಂದರಲ್ಲಿ ನನ್ನದು. ಅದನ್ನು ಮನಸಾರೆ ನೋಡಬೇಕು, ಹೊತ್ತು ಉಳಿದರೆ ಬೇರೆ. ಹಡಗು ಒಂದೊಂದು ಊರಿನಲ್ಲಿ ನಿಲ್ಲುವುದು ಏಳೆಂಟು ಗಂಟೆ. ಹತ್ತು ಜಾಗಕ್ಕೆ ಓಡಿದರೆ ಹತ್ತರ ಫೋಟೊ ಸಿಗುತ್ತದೆ, ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಹಡಗಿನವರೇ ನಡೆಸುವ ಬಸ್ ಪ್ರವಾಸಗಳಿವೆ. ಅವು ತಡವಾದರೆ ಹಡಗು ಕಾಯುತ್ತದೆ, ಅದೊಂದು ಅನುಕೂಲ. ನಾವಾಗಿಯೇ ಹೋದರೆ ಕಾಯುವುದಿಲ್ಲ. ಅದಕ್ಕೆ, ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ಹಿಂತಿರುಗುತ್ತಿದ್ದೆವು. ಟಾಲಿನ್, ಹೆಲ್ಸಿಂಕಿಯ ಸಮಯ ಉಳಿದ ಊರುಗಳಿಗಿಂತ ಒಂದು ಗಂಟೆ ಮುಂದು. ಫೋನು ತಾನಾಗಿಯೇ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗುವುದು ಕ್ಯಾಪ್ಟನ್ ಹೇಳಿದಾಗ. ನಂಬಬೇಕಾದ್ದು ಹಡಗಿನ ಗಡಿಯಾರವನ್ನು. ಇವರು ಕೀ ಕೊಡುವ ಎಚ್‌ಎಂಟಿ ಜನತಾ ವಾಚನ್ನೇ ಕಟ್ಟಿಕೊಂಡಿದ್ದರು. ಅದನ್ನು ಹಡಗಿನ ಸಮಯಕ್ಕೆ ಕೂಡಿಸಿ, ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ವಾರ್ನೆಮುಂಡೆಯಲ್ಲಿ ಇಳಿದವರಲ್ಲಿ ಬಹಳ ಜನ ಬರ್ಲಿನ್‌ಗೆ ಹೊರಟರು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ನಾವು ಧಕ್ಕೆಯ ಪಕ್ಕದಲ್ಲೇ ಇರುವ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಸುಮಾರು ಇಪ್ಪತ್ತು ನಿಮಿಷದಲ್ಲಿ ರಾಸ್ಟಾಕ್‌ನಲ್ಲಿದ್ದೆವು. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ 1472ರಲ್ಲಿ ಹಾನ್ಸ್ ಡ್ಯೂರಿಂಗರ್ ಅನ್ನುವವನು ಮಾಡಿದ ಖಗೋಳ ಗಡಿಯಾರವಿದೆ. ಇವರು ಈ ಪ್ರವಾಸಕ್ಕೆ ಒಪ್ಪಿದ್ದೇ ಇದಕ್ಕಾಗಿ ಅಂದರೂ ನಡೆಯುತ್ತದೆ.

ಗಡಿಯಾರ ಗೋಡೆಯಷ್ಟು ಎತ್ತರ. ಮೇಲೆ ಇಪ್ಪತ್ನಾಲ್ಕು ಗಂಟೆಯ ಮುಖ, ರಾಶಿಚಕ್ರ, ಚಂದ್ರನ ಕಲೆ. ಕೆಳಗೆ ದೊಡ್ಡ ಪಂಚಾಂಗದ ತಟ್ಟೆ. ಈಗಿನ ತಟ್ಟೆ 2018ಕ್ಕೆ ಶುರುವಾಗಿ 2150ರ ತನಕ ನಡೆಯುತ್ತದೆ. ಒಳಗಿನ ಯಂತ್ರ ಮಾತ್ರ 1472ರದೇ. ಇವತ್ತಿಗೂ ಕೈಯಿಂದಲೇ ಕೀ ಕೊಡುತ್ತಾರೆ. 1942ರ ಬಾಂಬು ದಾಳಿಯಲ್ಲಿ ರಾಸ್ಟಾಕ್‌ನ ದೊಡ್ಡ ಭಾಗ ಸುಟ್ಟುಹೋಯಿತು, ಈ ಚರ್ಚು ಉಳಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ಕಿರುಬಾಗಿಲು ತೆರೆದು ಕ್ರಿಸ್ತನ ಶಿಷ್ಯರು ಒಬ್ಬೊಬ್ಬರಾಗಿ ಸಾಗುತ್ತಾರೆ. ಕೊನೆಯವನಾದ, ಕ್ರಿಸ್ತನಿಗೆ ದ್ರೋಹ ಬಗೆದ ಜುದಾಸ್ ಬರುವ ಹೊತ್ತಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಜನ ಚಪ್ಪಾಳೆ ತಟ್ಟಿ ಹೊರಟರು. ಇವರು ಹೊರಡಲಿಲ್ಲ. "ಎಣ್ಣೆ ಹಾಕಿ, ಸವೆದಿದ್ದನ್ನು ಸರಿಮಾಡಿ ಐನೂರು ವರ್ಷ ಒಬ್ಬರಾದ ಮೇಲೆ ಒಬ್ಬರು ನೋಡಿಕೊಂಡಿದ್ದಾರೆ ನೋಡು. ಮಾಡಿದವನಷ್ಟೇ ದೊಡ್ಡವರು ಅವರೂ" ಅಂದರು. ಮಾಡಿದ ವಾಚುಗಳು ಇನ್ನೂ ಓಡುತ್ತಿರುವಾಗಲೇ ತಮ್ಮ ಕಾರ್ಖಾನೆ ಮುಚ್ಚಿದ್ದನ್ನು ಕಂಡವರ ಮಾತು ಅದು. ಕೆಲಸದ ದಿನಗಳ ಬಗ್ಗೆ ಇವರು ಅಷ್ಟು ಮಾತಾಡಿದ್ದನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ವಾಪಸ್ಸು ಹೋಗುವ ರೈಲಿನ ಪೂರ್ತಿ ಬರೀ ಸ್ಪ್ರಿಂಗು, ಹಲ್ಲಿನ ಚಕ್ರ, ಜೊತೆಯಲ್ಲಿದ್ದ ಗೆಳೆಯರ ಕತೆ.

ಟಾಲಿನ್‌ನಲ್ಲಿ ಹಡಗಿನಿಂದ ಇಳಿದು ಕಾಲು ಗಂಟೆ ನಡೆದರೆ ಕೋಟೆ ಬಾಗಿಲು. ಹಡಗಿನಿಂದಲೇ ಕಾಣುವ ಸೇಂಟ್ ಓಲಾಫ್ ಚರ್ಚಿನ ಗೋಪುರ 120 ಮೀಟರಿಗೂ ಎತ್ತರ. ಆ ಗೋಪುರದ ಗುರುತಿನಲ್ಲೇ ನಡೆದೆವು. ಒಳಗೆಲ್ಲ ಗುಂಡುಕಲ್ಲು ಹಾಸಿದ ಬೀದಿಗಳು. ಮಂಡಿನೋವಿದ್ದವರು ದಪ್ಪ ಅಡಿಯ ಬೂಟು ಹಾಕಿಕೊಂಡೇ ಹೋಗಬೇಕು. ಪುರಭವನದ ಚೌಕದಲ್ಲಿ 1422ರಲ್ಲೇ ದಾಖಲೆಗೆ ಸಿಕ್ಕ ಔಷಧಿ ಅಂಗಡಿ ಇದೆ, ಈಗಲೂ ವ್ಯಾಪಾರ ನಡೆಯುತ್ತದೆ. ಹಳೆಯ ಕಾಲದಲ್ಲಿ ಇಂಥ ಅಂಗಡಿಗಳು ಮದ್ದಿನ ಜೊತೆ ಮಸಾಲೆಯನ್ನೂ ಮಾರುತ್ತಿದ್ದವು. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಅರಬ್ಬರ ಕೈ, ವೆನಿಸ್‌ನವರ ಕೈ ದಾಟಿ ಈ ಉತ್ತರದ ಊರುಗಳಿಗೂ ಬರುತ್ತಿತ್ತು.

ಆದರೆ ಟಾಲಿನ್‌ನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಮೇಲಿನ ಗುಡ್ಡದ ಮೇಲೆ ಪಿಕ್ ಹರ್ಮನ್ ಅನ್ನುವ ಬುರುಜು ಇದೆ. ದಿನಾ ಸೂರ್ಯೋದಯಕ್ಕೆ ಅದರ ಮೇಲೆ ನೀಲಿ, ಕಪ್ಪು, ಬಿಳಿ ಬಾವುಟ ಏರುತ್ತದೆ. 1989ರ ಆಗಸ್ಟ್ 23ರಂದು ಸೋವಿಯತ್ ಆಡಳಿತದ ವಿರುದ್ಧ ಜನ ಈ ಬುರುಜಿನ ಬುಡದಿಂದ ಲಾಟ್ವಿಯಾದ ರಿಗಾ ದಾಟಿ ಲಿಥುವೇನಿಯಾದ ವಿಲ್ನಿಯಸ್ ತನಕ ಕೈ ಕೈ ಹಿಡಿದು ನಿಂತರು. 600 ಕಿಲೋಮೀಟರಿಗೂ ಉದ್ದದ ಸಾಲು, ಸುಮಾರು 20 ಲಕ್ಷ ಜನ. 1991ರಲ್ಲಿ ಸ್ವಾತಂತ್ರ್ಯ ಮರಳಿ ಬಂತು. ಅಂದು ಕೈ ಹಿಡಿದು ನಿಂತ ಮಕ್ಕಳಿಗೆ ಈಗ ನಲವತ್ತರ ಮೇಲೆ ವಯಸ್ಸು. ಬಾದಾಮಿ ಹುರಿದು ಮಾರುತ್ತಿದ್ದ ಹೆಂಗಸಿಗೂ ಅಷ್ಟೇ ವಯಸ್ಸಿರಬಹುದು. ಕೇಳಿದೆ. ಅಪ್ಪನ ಹೆಗಲ ಮೇಲೆ ಕೂತಿದ್ದೆ, ಅಪ್ಪನ ಎರಡೂ ಕೈ ಬೇರೆಯವರು ಹಿಡಿದಿದ್ದರು, ಬೀಳಬಾರದು ಅಂತ ಅವನ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ ಅಂದಳು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಹೆಲ್ಸಿಂಕಿ ನನ್ನ ಪಾಲಿನ ಊರು. ಅಲ್ಲಿ ಸಂಸತ್ತಿನ ಎದುರಿಗೇ ಊಡಿ ಗ್ರಂಥಾಲಯ ಇದೆ. 2018ರ ಡಿಸೆಂಬರಿನಲ್ಲಿ ತೆರೆದದ್ದು. ಮೂರನೇ ಮಹಡಿಯಲ್ಲಿ ಸುಮಾರು ಒಂದು ಲಕ್ಷ ಪುಸ್ತಕ. ಕಪಾಟುಗಳು ಎದೆಯೆತ್ತರ ಮಾತ್ರ, ಎಲ್ಲಿ ನಿಂತರೂ ಆಕಾಶ ಕಾಣುತ್ತದೆ. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್, ಹಾಡು ಮುದ್ರಿಸುವ ಕೋಣೆ. ಒಬ್ಬ ಅಜ್ಜಿ ಮೊಮ್ಮಗಳ ಫ್ರಾಕಿನ ಅಂಚು ಹೊಲಿಯುತ್ತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ಗಿಟಾರ್ ಎರವಲು ತೆಗೆದುಕೊಳ್ಳುತ್ತಿದ್ದ. ಯಾರೂ ಯಾರನ್ನೂ "ಏನು ಬೇಕು, ಯಾಕೆ ಬಂದಿರಿ" ಅಂತ ಕೇಳುವುದಿಲ್ಲ. ಸದಸ್ಯರಲ್ಲದ ನಾವೂ ಎರಡು ಗಂಟೆ ಕೂತೆವು. ಗ್ರಂಥಾಲಯ ಅಂದರೆ ಸದ್ದು ಮಾಡದ ಜಾಗ ಅಂತ ಮಕ್ಕಳಿಗೆ ಹೇಳಿಕೊಂಡೇ ಬಂದವಳು ನಾನು. ಇಲ್ಲಿ ಮಕ್ಕಳು ಪುಸ್ತಕಗಳ ನಡುವೆ ಉರುಳಾಡುತ್ತಿದ್ದವು, ಓದುವವರು ಓದುತ್ತಲೇ ಇದ್ದರು. ಸರ್ಕಾರ ನಡೆಸುವ ಮನೆಯ ಎದುರಿಗೆ ಜನ ಓದುವ ಮನೆ ಇಟ್ಟಿದ್ದಾರಲ್ಲ, ಆ ಯೋಚನೆಗೇ ಕೈ ಮುಗಿಯಬೇಕು.

ಬಂದರಿನ ಪಕ್ಕದ ಮಾರುಕಟ್ಟೆ ಚೌಕದಲ್ಲಿ ಹಸಿ ಬಟಾಣಿಕಾಯಿಯನ್ನು ಲೀಟರ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ನಮ್ಮ ಸಂತೆಯಲ್ಲಿ ಸೇರು, ಪಾವಿನಲ್ಲಿ ಅಳೆದ ಹಾಗೆ. ಜನ ಅದನ್ನು ಬಿಡಿಸಿಕೊಂಡು ಬೀದಿಯಲ್ಲೇ ತಿನ್ನುತ್ತಾ ಹೋಗುತ್ತಾರೆ. ಸಿಹಿಯಾದ ಕಾಳು. ಕಡಲಹಕ್ಕಿಗಳ ಮೇಲೆ ಕಣ್ಣಿಟ್ಟಿರಬೇಕು, ಕೈಯಲ್ಲಿರುವ ತಿಂಡಿಗೇ ಎರಗುತ್ತವೆ.

ಸ್ಟಾಕ್‌ಹೋಮ್‌ಗೆ ಹೋಗುವ ದಿನ ಬೆಳಗಿನ ಜಾವವೇ ಡೆಕ್ ಮೇಲೆ ಇರಬೇಕು. ಜುಲೈನಲ್ಲಿ ನಾಲ್ಕು ಗಂಟೆಗೇ ಬೆಳಕು. ಊರು ಸಿಗುವ ಮೊದಲು ಗಂಟೆಗಟ್ಟಲೆ ದ್ವೀಪಗಳ ನಡುವೆ ಸಾಗುತ್ತೇವೆ. ಸುಮಾರು 30,000 ದ್ವೀಪ, ಬಂಡೆಗಳಂತೆ. ಸ್ಥಳೀಯ ಪೈಲಟ್ ಹತ್ತಿ ದಾರಿ ತೋರಿಸುತ್ತಾರೆ. ಕೆಲವು ಕಡೆ ದಡ ಎಷ್ಟು ಹತ್ತಿರವೆಂದರೆ, ಮನೆ ಮುಂದೆ ಕಾಫಿ ಕುಡಿಯುತ್ತಿದ್ದ ಒಬ್ಬಾಕೆ ಕೈ ಬೀಸಿದ್ದು ಸ್ಪಷ್ಟವಾಗಿ ಕಂಡಿತು. ಮರದ ಮನೆಗಳಿಗೆಲ್ಲ ಒಂದೇ ಬಗೆಯ ಕಡುಗೆಂಪು ಬಣ್ಣ. ಫಾಲುನ್ ಊರಿನ ತಾಮ್ರದ ಗಣಿಯ ಮಣ್ಣಿನಿಂದ ಬಂದ ಬಣ್ಣ ಅದು. ಇಡೀ ಪ್ರವಾಸದಲ್ಲಿ ನಾವಿಬ್ಬರೂ ಒಂದೂ ಮಾತಾಡದೆ ಪಕ್ಕಪಕ್ಕ ನಿಂತಿದ್ದು ಆ ಬೆಳಗ್ಗೆ. ಕೊಟ್ಟ ಹಣ ಅಲ್ಲಿಗೇ ಸಾರ್ಥಕವಾಯಿತು.

ಅಲ್ಲಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ವಾಸಾ ಹಡಗನ್ನು ನೋಡಿದೆವು. 1628ರ ಆಗಸ್ಟ್ 10ರಂದು ರಾಜನ ಹೊಸ ಯುದ್ಧನೌಕೆ ಇದೇ ಬಂದರಿನಿಂದ ಹೊರಟು, 1300 ಮೀಟರ್ ಸಾಗಿ, ಒಂದು ಬೀಸು ಗಾಳಿಗೆ ವಾಲಿ ಮುಳುಗಿತು. ಸುಮಾರು 30 ಜನ ಸತ್ತರು. ಎರಡು ಅಂತಸ್ತಿನಲ್ಲಿ 64 ಫಿರಂಗಿ. ಮೇಲೆ ಭಾರ ಹೆಚ್ಚು, ತಳದಲ್ಲಿ ಕಡಿಮೆ. ವಾಲಿದಾಗ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಹೊರಡುವ ಮುಂಚೆಯೇ 30 ನಾವಿಕರನ್ನು ಡೆಕ್ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಹಡಗು ಹೊಯ್ದಾಡಿದ್ದು ನೋಡಿ ಪರೀಕ್ಷೆ ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ. ರಾಜನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

1961ರಲ್ಲಿ ಮೇಲೆತ್ತಿದಾಗ ಹಡಗು ಹೆಚ್ಚುಕಡಿಮೆ ಇಡಿಯಾಗಿಯೇ ಇತ್ತು. ಅದಕ್ಕೆ ಕಾರಣ ಈ ಸಮುದ್ರವೇ. ಡೆನ್ಮಾರ್ಕಿನ ಹತ್ತಿರದ ಕಿರಿದಾದ ಜಲಸಂಧಿಗಳಲ್ಲಿ ಮಾತ್ರ ಬಾಲ್ಟಿಕ್‌ಗೆ ಹೊರಗಿನ ಉಪ್ಪುನೀರು ಬರುತ್ತದೆ. ಒಳಗೆ ನದಿಗಳ ಸಿಹಿನೀರು ಜಾಸ್ತಿ. ಮರ ಕೊರೆಯುವ ಹಡಗುಹುಳು ಇಷ್ಟು ಕಡಿಮೆ ಉಪ್ಪಿನಲ್ಲಿ ಬದುಕುವುದಿಲ್ಲ. ಮೇಲೆತ್ತಿದ ಮೇಲೆ ಮರ ಒಣಗಿ ಬಿರುಕು ಬಿಡಬಾರದು ಅಂತ 17 ವರ್ಷ ರಾಸಾಯನಿಕ ಸಿಂಪಡಿಸಿದರು. ಇತ್ತೀಚೆಗೆ ತುಕ್ಕು ಹಿಡಿದ ಸಾವಿರಾರು ಬೋಲ್ಟು ತೆಗೆದು ತುಕ್ಕು ಹಿಡಿಯದ ಉಕ್ಕಿನವು ಹಾಕಿದ್ದಾರೆ. ಇವರು ಪ್ರತಿ ಮಹಡಿಗೂ ಹತ್ತಿ ಆ ಬೋಲ್ಟುಗಳನ್ನೇ ಹುಡುಕಿದರು. ಮಂಡಿನೋವು ಅಂದು ನೆನಪಾಗಲಿಲ್ಲ. ನಾನು ಮುಳುಗಿದವರ ವಸ್ತುಗಳ ಮುಂದೆ ನಿಂತೆ. ಮರದ ಚಮಚ, ಚರ್ಮದ ಬೂಟು. ಅವರ ಎಲುಬುಗಳನ್ನೂ ಗೌರವದಿಂದ ಇಟ್ಟಿದ್ದಾರೆ.

ಹೊರಗೆ ಬಂದು ಕಾಫಿಯ ಜೊತೆ ಏಲಕ್ಕಿ ಬನ್ ತಿಂದೆವು. ಸ್ವೀಡನ್ನಿನವರಿಗೆ ಏಲಕ್ಕಿ ಅಂದರೆ ಪ್ರಾಣ, ನಮಗಿಂತ ಧಾರಾಳವಾಗಿ ಹಾಕುತ್ತಾರೆ. ಅಲ್ಲಿ ನೋಟು ಕೊಟ್ಟರೆ ತೆಗೆದುಕೊಳ್ಳದ ಅಂಗಡಿಗಳೇ ಹೆಚ್ಚು. ದೋಣಿಯ ಟಿಕೆಟ್ಟಿಗೂ ಕಾರ್ಡು ತಾಗಿಸಿದರೆ ಆಯಿತು. ಹಾಗಾಗಿ ಮೂರು ಬಗೆಯ ಹಣವಿರುವ ದೇಶಗಳಿಗೆ ಹೋಗುತ್ತಿದ್ದೇವೆ ಅಂತ ಊರಿನಲ್ಲೇ ನೋಟು ಬದಲಾಯಿಸಿಕೊಳ್ಳುವುದು ಬೇಡ. ಹೊರದೇಶದಲ್ಲಿ ನಡೆಯುವ ಎರಡು ಕಾರ್ಡು ಇರಲಿ, ಒಂದೊಂದು ಒಬ್ಬೊಬ್ಬರ ಹತ್ತಿರ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಣ್ಣದ ಚೀಟಿ ಕಟ್ಟಿ ಬಾಗಿಲಾಚೆ ಇಡಬೇಕು. ಮಾತ್ರೆ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಉಳಿಸಿಕೊಳ್ಳಿ. ಬಿಲ್ಲು ಬೆಳಗ್ಗೆ ಬರುತ್ತದೆ, ಕೂತು ಒಂದೊಂದೇ ಸಾಲು ನೋಡಿ. ಕುಂದಾಪುರದ ಹುಡುಗ ಬೆಳಗಿನ ಕೆಲಸದ ನಡುವೆಯೂ ಮೆಟ್ಟಿಲ ತನಕ ಬಂದು ಕಳಿಸಿದ. ಉಳಿದಿದ್ದ ಚಟ್ನಿಪುಡಿ ಡಬ್ಬಿ ಅವನಿಗೆ ಕೊಟ್ಟೆ. ಕೋಪನ್‌ಹೇಗನ್‌ನ ಧಕ್ಕೆಯಿಂದ ಬಸ್ಸಿನಲ್ಲಿ ಒರಿಯಂಟ್‌ಕಾಯ್ ಮೆಟ್ರೊ ನಿಲ್ದಾಣಕ್ಕೆ ಬಂದು, ಕೊಂಗೆನ್ಸ್ ನ್ಯೂಟಾರ್ವ್‌ನಲ್ಲಿ ರೈಲು ಬದಲಾಯಿಸಿದರೆ ನೇರ ವಿಮಾನ ನಿಲ್ದಾಣ. ಎಲ್ಲ ಕಡೆ ಲಿಫ್ಟ್ ಇದೆ, ಟ್ಯಾಕ್ಸಿಗೆ ದುಡ್ಡು ಸುರಿಯಬೇಕಿಲ್ಲ. ಮುಂದಿನ ಬೇಸಿಗೆಗೆ ಹೋಗುವ ಆಲೋಚನೆ ಇರುವವರು ಕ್ಯಾಬಿನ್ ಚಳಿಗಾಲದಲ್ಲೇ ಕಾದಿರಿಸಿ. ವೀಸಾ ಅರ್ಜಿಯನ್ನು ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಬೇಸಿಗೆ ಹತ್ತಿರವಾದ ಹಾಗೆ ಬೆರಳಚ್ಚಿನ ದಿನಾಂಕ ಸಿಗುವುದೇ ಕಷ್ಟವಾಗುತ್ತದೆ.